ನೀಲಿ ಮುಚ್ಚಳ

ಕತ್ತಲಗೆರೆ
ತಾ. 8-6-2025

ಪ್ರೀತಿಯ ಅರುಣಾ,

ಈ ಕಾಗದ ಮೆಣಸಿನ ಸಸಿಯ ಟ್ರೇಗಳ ಕೆಳಗೆ ಬರುತ್ತಿದೆ. ನಿಮ್ಮ ಯಜಮಾನರು ಮರುಳಪ್ಪನವರು ಸಸಿ ಬೇಕೆಂದು ಹೇಳಿ ಕಳಿಸಿದ್ದರಿಂದ ನಿನ್ನ ಮನೆಗೆ ನನಗೊಂದು ದಾರಿ ಸಿಕ್ಕಿತು. ನೀನು ನನ್ನ ಫೋನ್ ಎತ್ತುವುದಿಲ್ಲ. ಎತ್ತಿದರೂ ಇಬ್ಬರೂ ಅಳುತ್ತೇವೆ, ಮಾತು ಆಗುವುದಿಲ್ಲ. ಬರೆಯುವುದಾದರೆ ನನಗೆ ರೂಢಿ ಇದೆ. ಹತ್ತನೇ ತರಗತಿ ಮುಗಿಸಿದ ಮೇಲೆ ದಿನಕ್ಕೆ ನಾಲ್ಕು ಸಾಲು ದಿನಚರಿ ಬರೆಯದೆ ಮಲಗಿದವಳಲ್ಲ. ಏಪ್ರಿಲ್‌ನಿಂದ ಅದೂ ನಿಂತಿದೆ. ನಿನಗೆ ಬರೆಯಲು ಆಗುತ್ತದೋ ನೋಡೋಣ ಎಂದು ಕೂತೆ.

ನಿಮ್ಮಣ್ಣ ಹೋದ ಹನ್ನೊಂದನೆಯ ದಿನದ ಕಾರ್ಯ ಮುಗಿಸಿಕೊಂಡು ಹೋದವಳು ನೀನು ಮತ್ತೆ ನಮ್ಮ ಬಾಗಿಲಿಗೆ ಬರಲಿಲ್ಲ. ಹೊಸ ಪಿಕಪ್ ಬಂದ ಸುದ್ದಿ ಕೇಳಿ ನೀನೇ ಒಂದು ಸಲ ಫೋನ್ ಮಾಡಿದೆ. "ಅಣ್ಣನ ಮಣ್ಣು ಇನ್ನೂ ಆರಿಲ್ಲ, ನಿಮಗೆ ಹೊಸ ಗಾಡಿ ಬೇಕಾಗಿತ್ತಾ?" ಎಂದು ಕೇಳಿ ಇಟ್ಟುಬಿಟ್ಟೆ. ಅದಕ್ಕೆ ಉತ್ತರ ಈಗ ಹೇಳುತ್ತೇನೆ.

ಗಾಡಿ ಬುಕ್ ಮಾಡಿದ್ದು ಅವರು. ಹಳೆಯ ಲಗೇಜ್ ಆಟೋವನ್ನು ಅದಕ್ಕಾಗಿಯೇ ಕೊಟ್ಟಿದ್ದರು. ಗಾಡಿ ಬರುವಷ್ಟರಲ್ಲಿ ಅವರಿಗೆ ಎದೆನೋವು ಬಂದು ಎಲ್ಲ ಮುಗಿದಿತ್ತು. ಬೇಡವಾದರೆ ಬಿಡಿ ಎಂದು ಶೋರೂಮಿನವರೂ ಹೇಳಿದರು. ಆದರೆ ಆಟೋ ಇಲ್ಲ, ನರ್ಸರಿಯ ನೆರಳು ಪರದೆಯ ಕೆಳಗೆ ಸಸಿ ಎದ್ದು ನಿಂತಿದೆ. ಮನೆಯಲ್ಲಿ ಯಾರು ಹೋದರೂ ಸಸಿಗೆ ಗೊತ್ತಾಗುವುದಿಲ್ಲ. ಅದರ ದಿನ ತುಂಬಿದ ಮೇಲೆ ಹೊಲದ ಮಣ್ಣು ಸೇರಬೇಕು, ಇಲ್ಲದಿದ್ದರೆ ಟ್ರೇಯೊಳಗೇ ಬೇರು ಸುತ್ತಿಕೊಂಡು ಹಳದಿಯಾಗುತ್ತದೆ. ಹೊಲದ ಬದುವಿಗೇ ಸಸಿ ತಂದುಕೊಡುತ್ತೇವೆ ಎಂದು ನಿಮ್ಮಣ್ಣ ಹೊನ್ನಾಳಿ, ನ್ಯಾಮತಿ, ಜಗಳೂರು ಎಲ್ಲ ಕಡೆ ಮಾತು ಕೊಟ್ಟಿದ್ದರು. ಆಟೋ ಓಡಿಸಲು ಅವರೇ ಕಲಿಸಿದ್ದರು, ಲೈಸೆನ್ಸೂ ಮಾಡಿಸಿದ್ದರು. ಹೋಗಿ ತಂದೆ. ಅಷ್ಟೇ ವಿಷಯ.

ಮಾವ ಬರಲಿಲ್ಲ. ವರ್ಷ ತುಂಬುವವರೆಗೆ ನಮ್ಮ ಮನೆಗೆ ಹಬ್ಬವಿಲ್ಲ, ಪೂಜೆಯಿಲ್ಲ. ಹಾಗಾಗಿ ಹಾರ ಹಾಕಲಿಲ್ಲ, ಚಕ್ರಕ್ಕೆ ನಿಂಬೆಹಣ್ಣು ಇಡಲಿಲ್ಲ. ಶೋರೂಮಿನ ಹುಡುಗಿ ಒಂದೊಂದೇ ತೋರಿಸಿದಳು. ಡೀಸೆಲ್ಲಿಗೆ ಕಪ್ಪು ಮುಚ್ಚಳ, ಪಕ್ಕದಲ್ಲಿ ನೀಲಿ ಮುಚ್ಚಳ. ನೀಲಿಯದರಲ್ಲಿ ಹೊಗೆ ತೊಳೆಯುವ ನೀರು, ಅದು ಕಂಪನಿಯ ಕ್ಯಾನಿನಲ್ಲಿ ಬಂದದ್ದೇ ಆಗಬೇಕು ಎಂದಳು. ಎಲ್ಲದಕ್ಕೂ ತಲೆಯಾಡಿಸಿ ಒಬ್ಬಳೇ ಓಡಿಸಿಕೊಂಡು ಬಂದೆ.

ಮೊನ್ನೆ ಮೀಟರಿನ ಹತ್ತಿರ ಹಳದಿ ಲೈಟ್ ಹತ್ತಿಕೊಂಡಿತು. ಶೋರೂಮಿಗೆ ಹೇಳಿದ್ದೆ. ಅವರು ತಿರುಗಿ ಫೋನ್ ಮಾಡಿದಾಗ ನಾನು ಸಸಿಗೆ ನೀರು ಬಿಡುತ್ತಿದ್ದೆ, ಮಾವ ಎತ್ತಿದರಂತೆ. ಏನಂದರು ಎಂದು ಕೇಳಿದರೆ, "ಹೇಳವ್ರೆ. ನಾನ್ ನೋಡ್ಕಂತೀನಿ ಬಿಡು" ಅಂದರು. ಗಾಡಿಯ ಕಡೆ ಮುಖ ಕೂಡ ಮಾಡದವರು ಏನು ನೋಡಿಕೊಳ್ಳುತ್ತಾರೋ.

ಸಸಿ ಇಳಿಸಿದ ದಿನವೇ ನೆಟ್ಟುಬಿಡಿ. ಸಂಜೆ ನೆಟ್ಟರೆ ಒಳ್ಳೆಯದು.

ನಿನ್ನ ಅತ್ತಿಗೆ,
ಲಕ್ಷ್ಮೀದೇವಿ


ಬಿಳಿಚೋಡು
ತಾ. 21-6-2025

ಅತ್ತಿಗೆಯವರಿಗೆ,

ಸಸಿ ಚೆನ್ನಾಗಿವೆ. ಸಂಜೆಯೇ ನೆಟ್ಟೆವು. ನಮ್ಮವರು ನಿಮಗೆ ತಿಳಿಸಲು ಹೇಳಿದರು.

ನೀವು ಹೊಲಕ್ಕೆ ಬಂದಾಗ ನಾನು ಮನೆಯಲ್ಲೇ ಇದ್ದೆ. ಗಾಡಿಯ ಸದ್ದು ಕೇಳಿಸಿತು. ಹೊರಗೆ ಬರಲು ಕಾಲು ಬರಲಿಲ್ಲ. ಅದನ್ನು ನೋಡಿದರೆ ಅದರೊಳಗಿಂದ ಯಾರು ಇಳಿಯಬೇಕಾಗಿತ್ತೋ ಅವನೇ ಕಣ್ಣಿಗೆ ಬರುತ್ತಾನೆ.

ಒಂದು ಮಾತು ಹೇಳುತ್ತೇನೆ, ಸಿಟ್ಟಾಗಬೇಡಿ. ಕೆಲವು ವಾಹನ ಕೆಲವರಿಗೆ ಆಗಿಬರುವುದಿಲ್ಲ. ಪೂಜೆ ಇಲ್ಲದೆ ಮನೆಗೆ ಬಂದ ಗಾಡಿ. ಬಂದು ತಿಂಗಳಾಗಿಲ್ಲ, ಲೈಟ್ ಹತ್ತಿದೆ ಎನ್ನುತ್ತೀರಿ. ಜಗಳೂರಿನಲ್ಲಿ ನಮ್ಮವರಿಗೆ ಗುರುತಿನವರು ಒಬ್ಬರಿದ್ದಾರೆ. ಹೊಸದು ಎಂದರೆ ಕಣ್ಣುಮುಚ್ಚಿ ತೆಗೆದುಕೊಳ್ಳುತ್ತಾರೆ. ಕೊಟ್ಟುಬಿಡಿ. ಅಪ್ಪನ ಮನಸ್ಸಿನಲ್ಲೂ ಇದೇ ಇದೆ. ನಿಮ್ಮ ಮುಂದೆ ಹೇಳಲಾರರು.

ಅರುಣಾ


ಕತ್ತಲಗೆರೆ
ತಾ. 6-7-2025

ಅರುಣಾ,

ಇದನ್ನು ಅಂಚೆಗೆ ಹಾಕುತ್ತಿದ್ದೇನೆ, ಏಕೆಂದರೆ ಗಾಡಿ ಸದ್ಯ ಬಿಳಿಚೋಡಿನ ತನಕ ಬರುವ ಸ್ಥಿತಿಯಲ್ಲಿಲ್ಲ. ನಿನಗೆ ಇದನ್ನು ಹೇಳಲು ಮನಸ್ಸಿರಲಿಲ್ಲ. ಆದರೆ ಬೇರೆ ಯಾರಿಂದಲಾದರೂ ಕೇಳಿ ಆಗಿಬರಲಿಲ್ಲ ಎಂದುಕೊಳ್ಳುವುದಕ್ಕಿಂತ ನಾನೇ ಹೇಳುವುದು ಮೇಲು.

ನ್ಯಾಮತಿಯ ಹತ್ತಿರ ತಿಪ್ಪೇರುದ್ರಸ್ವಾಮಿ ಎಂಬ ಹಿರಿಯರಿದ್ದಾರೆ. ನಿಮ್ಮಣ್ಣನಿಗೆ ಟೊಮೆಟೊ ಸಸಿ ಹೇಳಿದ್ದವರಲ್ಲಿ ಅವರೇ ಮೊದಲಿಗರು. ಗಾಡಿ ತುಂಬಾ ಸಸಿ ಏರಿಸಿಕೊಂಡು ಹೊರಟೆ. ಚನ್ನಗಿರಿ ದಾಟುವವರೆಗೆ ಚೆನ್ನಾಗಿಯೇ ಬಂತು. ಆಮೇಲೆ ಹಳದಿ ಲೈಟಿನ ಜೊತೆಗೆ ಇನ್ನೊಂದು ಲೈಟ್ ಹತ್ತಿತು, ಕುಂಯ್ ಎಂದು ಸದ್ದು ಮಾಡಿತು, ಹೊನ್ನಾಳಿ ಇನ್ನೂ ದೂರ ಇರುವಾಗಲೇ ಗಾಡಿಯ ಉಸಿರು ಹೋಯಿತು. ನಿಲ್ಲಲಿಲ್ಲ, ಎಷ್ಟು ತುಳಿದರೂ ಎತ್ತಿನ ಗಾಡಿಗಿಂತ ಜೋರಾಗಿ ಹೋಗಲೂ ಇಲ್ಲ. ಈಗಿನ ಗಾಡಿಗಳು ಹಾಗೆಯೇ ಅಂತೆ. ಹೊಗೆಯ ಕೊಳವೆಯಲ್ಲಿ ಒಂದು ಸೆನ್ಸರ್ ಇದೆ, ಅದು ಹೊಗೆಯನ್ನು ಮೂಸಿ ನೋಡುತ್ತದೆ. ಹೊಗೆ ಸರಿಯಿಲ್ಲ ಎನಿಸಿದರೆ ಎಂಜಿನ್ನಿನ ಕಿವಿ ಹಿಂಡಿ ಕೂರಿಸುತ್ತದೆ.

ಹೊನ್ನಾಳಿಯ ಹೊಳೆ ಸೇತುವೆಯ ಮೇಲೆ ನನ್ನ ಹಿಂದೆ ಬಸ್ಸು, ಲಾರಿ, ಟ್ರ್ಯಾಕ್ಟರ್ ಎಲ್ಲ ಸಾಲುಗಟ್ಟಿದವು. ಸೇತುವೆ ದಾಟಿದ ಮೇಲೆ ಪಕ್ಕದಲ್ಲಿ ಬಂದ ಟ್ರ್ಯಾಕ್ಟರಿನವನು, "ಅಕ್ಕಾ, ಮುಂದೆ ಎತ್ತು ಕಟ್ರಿ, ಬೇಗ ಹೋಗ್ತೈತೆ" ಅಂದ. "ನಿಮ್ಮನೇವು ಕೊಡ್ರಿ, ಕಟ್ತೀನಿ" ಅಂದೆ. ಬಾಯಿಂದ ಅದು ಹೇಗೆ ಬಂತೋ. ಏಪ್ರಿಲ್ ಆದ ಮೇಲೆ ನಾನು ಯಾರಿಗೂ ಎದುರು ಮಾತು ಆಡಿರಲಿಲ್ಲ.

ಬಿಸಿಲು ಏರುತ್ತಿತ್ತು. ಟ್ರೇ ಒಣಗಿದರೆ ಸಸಿ ತಲೆ ಬಾಗಿಸುತ್ತದೆ. ಎರಡು ಕಡೆ ಹುಣಸೆಮರದ ನೆರಳಿಗೆ ನಿಲ್ಲಿಸಿ, ಹತ್ತಿರದ ತೋಟದವರನ್ನು ಕೇಳಿ ಕೊಡದಲ್ಲಿ ನೀರು ತಂದು ಚಿಮುಕಿಸಿದೆ. ಬೇರೆ ಗಾಡಿ ಕರೆಸಿ ಸಸಿ ಬದಲಾಯಿಸಿ ಎಂದು ಒಬ್ಬರು ಹೇಳಿದರು. ನನಗೆ ಹಟ ಬಂತು. ಇದೇ ಗಾಡಿಯಲ್ಲಿ ತರುತ್ತೇನೆ ಎಂದು ಮಾತು ಹೋಗಿದೆ, ಇದರಲ್ಲೇ ಹೋಗಬೇಕು.

ಬದುವಿನ ಮೇಲೆ ಅವರು ಕಾಯುತ್ತಾ ಕೂತಿದ್ದರು. ಟ್ರೇ ಎತ್ತಿ ನೋಡಿ, ಆಮೇಲೆ ನನ್ನನ್ನು ನೋಡಿ, "ಸಸಿ ಬಾಡಿಲ್ಲ ಬಿಡವ್ವ. ನೀನೇ ಬಾಡೀಯ. ಕುಂತ್ಕ, ಮಜ್ಜಿಗೆ ಕುಡಿ" ಅಂದರು. ಕೂತೆ. ನಿಮ್ಮಣ್ಣನ ಬಗ್ಗೆ ಅವರು ಏನೂ ಕೇಳಲಿಲ್ಲ. ಎರಡನೇ ಲೋಟ ಮಜ್ಜಿಗೆ ಕೊಟ್ಟರು.

ಗಾಡಿ ಮಾರುವುದಿಲ್ಲ ಅರುಣಾ. ಕೆಟ್ಟಿದ್ದು ಸೆನ್ಸರ್, ಹಣೆಬರಹ ಅಲ್ಲ.

ಇನ್ನೊಂದು. ನೀನು ನನ್ನನ್ನು ನೀವು ಎಂದು ಬರೆದಿದ್ದೀಯ. ನಾನು ಮದುವೆಯಾಗಿ ಬಂದ ದಿನವೇ ನನ್ನ ಜಡೆ ಎಳೆದು ನೀನು ಎಂದವಳು.

ಲಕ್ಷ್ಮೀದೇವಿ


ಬಿಳಿಚೋಡು
ತಾ. 17-7-2025

ಅತ್ತಿಗೆ,

ನಿಮ್ಮ ಕಾಗದ ಓದಿದೆ. ನಮ್ಮವರು ಟ್ರ್ಯಾಕ್ಟರಿನವನ ಮಾತನ್ನು ಎರಡು ಸಲ ಓದಿಸಿ ನಕ್ಕರು. ನಾನು ನಗಲಿಲ್ಲ.

ನಡುದಾರಿಯಲ್ಲಿ ನಿಮಗೆ ಏನಾದರೂ ಆಗಿದ್ದರೆ? ಲಾರಿ ಬಂದು ಹಿಂದಿನಿಂದ ಹೊಡೆದಿದ್ದರೆ? ಒಬ್ಬನನ್ನು ಕಳಿಸಿಕೊಟ್ಟಾಯಿತು. ಅಪ್ಪನ ಹತ್ತಿರ ಉಳಿದಿರುವುದು ನೀವೊಬ್ಬರೇ. ಆ ಗಾಡಿ ನಿಮಗಿಂತ ಹೆಚ್ಚೇನು?

ಬರೆಯಬಾರದು ಎಂದುಕೊಂಡಿದ್ದನ್ನೂ ಬರೆದುಬಿಡುತ್ತೇನೆ. ಬುಕ್ ಮಾಡಿದ ದಿನ ಅಣ್ಣ ನನಗೆ ಫೋನ್ ಮಾಡಿದ್ದ. "ಗಾಡಿ ಬಂದ್ ದಿನ ಸೀದಾ ಬಿಳಿಚೋಡಿಗೆ ತರ್ತೀನಿ. ಮೊದ್ಲು ನೀನೇ ಕೂರ್ಬೇಕು. ನಾಕು ನಿಂಬೆಹಣ್ಣು ತೆಗ್ದಿಟ್ಟಿರು" ಅಂದ. ತೆಗೆದಿಟ್ಟಿದ್ದೆ. ಆಮೇಲೆ ನಡೆದದ್ದು ನಿಮಗೆ ಗೊತ್ತಿದೆ. ಗಾಡಿ ಬಂದಿದ್ದನ್ನು ನನಗೆ ಹೇಳಿದ್ದು ಬಸ್ಸಿನಲ್ಲಿ ಸಿಕ್ಕ ನಿಮ್ಮೂರಿನ ಒಬ್ಬಳು. "ನಿಮ್ಮತ್ತಿಗೆ ಹೊಸ ಗಾಡಿ ತಂದ್ಲಲ್ಲ, ನೋಡ್ಲಿಲ್ಲೇನು?" ಎಂದು ಕೇಳಿದಳು. ನೋಡಿದೆ ಎಂದು ಸುಳ್ಳು ಹೇಳಿದೆ.

ಜಗಳೂರಿನವರು ಮತ್ತೆ ಕೇಳುತ್ತಿದ್ದಾರೆ. ಏನು ಹೇಳಲಿ?

ಅರುಣಾ


ಕತ್ತಲಗೆರೆ
ತಾ. 3-8-2025

ಅರುಣಾ,

ನಿಂಬೆಹಣ್ಣಿನ ವಿಷಯ ನನಗೆ ಗೊತ್ತಿರಲಿಲ್ಲ. ನಿಮ್ಮಣ್ಣ ಹೇಳಿರಲಿಲ್ಲ. ಹೇಳಲು ಅವರಿಗೆ ಸಮಯ ಎಲ್ಲಿತ್ತು. ಇದಕ್ಕಿಂತ ಹೆಚ್ಚು ಏನು ಬರೆದರೂ ಅದು ಸರಿಯಾಗುವುದಿಲ್ಲ. ಬೇರೆ ಮಾತು ಬರೆಯುತ್ತೇನೆ, ನೀನು ಓದು.

ಗಾಡಿಯನ್ನು ದಾವಣಗೆರೆಯ ಶೋರೂಮಿಗೆ ಒಯ್ದೆ. ಅಲ್ಲಿ ಸತೀಶ್ ಕುಮಾರ್ ಎಂಬ ಸರ್ವಿಸಿನವರು ಇದ್ದಾರೆ. ಕೆಟ್ಟವರಲ್ಲ, ಆದರೆ ಅವರ ಮುಂದೆ ಯಾವಾಗಲೂ ಹತ್ತು ಜನ ನಿಂತಿರುತ್ತಾರೆ. ಗಾಡಿಗೆ ಕಂಪ್ಯೂಟರಿನ ವಯರ್ ಚುಚ್ಚಿದರು, ಏನೋ ಒತ್ತಿದರು, ಲೈಟ್ ಆರಿತು. "ಕ್ಲಿಯರ್ ಆಗಿದೆ ಮೇಡಂ, ಹೋಗಬಹುದು" ಅಂದರು. ಹೊರಟೆ. ಊರಿನ ಹೊರಗೆ ಬರುತ್ತಿದ್ದಂತೆ ಮತ್ತೆ ಹತ್ತಿತು. ಮನೆಗೆ ಬರಲಿಲ್ಲ, ಅಲ್ಲಿಂದಲೇ ತಿರುಗಿಸಿದೆ. ಮತ್ತೆ ಆರಿಸಿದರು. ಮುಂದಿನ ವಾರವೂ ಅದೇ ಆಯಿತು. ಆರಿಸುವುದು ಬೇರೆ, ಸರಿಮಾಡುವುದು ಬೇರೆ.

ನಾಲ್ಕನೆಯ ಸಲ ಬೀಗದಕೈ ಅವರ ಮೇಜಿನ ಮೇಲಿಟ್ಟು ಎದುರಿನ ಕುರ್ಚಿಯಲ್ಲಿ ಕೂತೆ. "ಮಗೀಗೆ ಜ್ವರ ಅಂತ ಕರ್ಕಂಡು ಬಂದ್ರೆ ಥರ್ಮಾಮೀಟರ್ ಒರೆಸಿ ಕಳಿಸ್ತೀರೇನ್ರಿ ಸರ್?" ಅಂದೆ. ಸುತ್ತಲಿದ್ದವರು ನಕ್ಕರು. ಅವರು ನಗಲಿಲ್ಲ. ದೂರುಗಳನ್ನು ಒಂದೊಂದಾಗಿ ಹೇಳಿ ಎಂದು ಬರೆದುಕೊಂಡರು. ಹಳದಿ ಲೈಟ್. ಉಸಿರು ಹೋಗುವುದು. ಇನ್ನೊಂದನ್ನೂ ಬರೆಸಿದೆ. ನೀಲಿ ಮುಚ್ಚಳದ ನೀರಿನ ಮಟ್ಟ ತೋರಿಸುವ ಮುಳ್ಳು ಗಾಡಿ ಬಂದ ದಿನದಿಂದ ಒಂದು ಕೂದಲೆಳೆಯೂ ಇಳಿದಿಲ್ಲ. ಎಷ್ಟು ಓಡಿಸಿದರೂ ಟ್ಯಾಂಕ್ ತುಂಬಿದೆ ಎನ್ನುತ್ತದೆ. ಹಾಗಾದರೆ ಈ ಗಾಡಿ ಆ ನೀರನ್ನು ಕುಡಿಯುತ್ತಲೇ ಇಲ್ಲವೇ? "ಅದೂ ಸೆನ್ಸರೇ ಇರಬೇಕು" ಎಂದರು. ಕಂಪನಿಯ ಇಂಜಿನಿಯರ್ ಬರುವವರಿದ್ದಾರೆ, ಗ್ಯಾರಂಟಿ ಅವಧಿಯಲ್ಲೇ ಇರುವುದರಿಂದ ಎಲ್ಲ ಸೆನ್ಸರನ್ನೂ ಬದಲಿಸಿಕೊಡಿ ಎಂದು ಬರೆಯುತ್ತೇನೆ ಎಂದರು. ಸೆಪ್ಟೆಂಬರಿಗೆ ದಿನ ಕೊಟ್ಟಿದ್ದಾರೆ.

ಅಲ್ಲಿಯವರೆಗೆ ಹತ್ತಿರದ ಊರುಗಳಿಗೆ, ಉಬ್ರಾಣಿಯ ಕಡೆಗೆ, ಅರ್ಧ ಹೊರೆ ಹಾಕಿಕೊಂಡು ಬೆಳಗ್ಗೆ ತಂಪಿನಲ್ಲೇ ಹೋಗಿಬರುತ್ತೇನೆ. ದೂರದ ಮೂರು ಜನಕ್ಕೆ ಮಾತ್ರ ಬೇರೆಯವರ ಗಾಡಿಯಲ್ಲಿ ಕಳಿಸಿದೆ. ಆ ಗಾಡಿ ಹೊರಡುವುದನ್ನು ನೋಡಲಿಲ್ಲ, ಒಳಗೆ ಹೋದೆ.

ಜಗಳೂರಿನವರಿಗೆ ಆಯುಧಪೂಜೆಯವರೆಗೆ ಕಾಯಲು ಹೇಳು. ಅಷ್ಟರೊಳಗೆ ಈ ಗಾಡಿ ತುಂಬಿದ ಹೊರೆಯಲ್ಲಿ ಲೈಟ್ ಹತ್ತದೆ ಕತ್ತಲಗೆರೆಯಿಂದ ಬಿಳಿಚೋಡಿಗೆ ಬರದಿದ್ದರೆ, ನಾನೇ ಅವರ ಬಾಗಿಲಿಗೆ ಬಿಟ್ಟು ಬಸ್ಸಿನಲ್ಲಿ ಬರುತ್ತೇನೆ. ಇದು ನಿನಗೆ ಕೊಟ್ಟ ಮಾತು.

ಲಕ್ಷ್ಮೀದೇವಿ


ಕತ್ತಲಗೆರೆ
ತಾ. 31-8-2025

ಅರುಣಾ,

ಜಗಳೂರಿನವರಿಗೆ ಕಾಯಲು ಹೇಳಿದ್ದೇನೆ ಎಂದು ನೀನು ಮರುಳಪ್ಪನವರ ಕೈಯಲ್ಲಿ ಹೇಳಿ ಕಳಿಸಿದ್ದು ಮುಟ್ಟಿತು. ಇವತ್ತಿನದನ್ನು ಕೂತು ಓದು.

ಬೆಳಗ್ಗೆ ಬದನೆ ಸಸಿ ಏರಿಸುವುದಿತ್ತು. ಎಂದಿಗಿಂತ ಮೊದಲೇ ಎದ್ದು ಅಂಗಳಕ್ಕೆ ಬಂದೆ. ಗಾಡಿಯ ಪಕ್ಕದಲ್ಲಿ ಮಾವ ಕುಕ್ಕರುಗಾಲಿನಲ್ಲಿ ಕೂತಿದ್ದಾರೆ. ಗಾಡಿ ಬಂದಂದಿನಿಂದ ಅದರ ನೆರಳನ್ನೂ ತುಳಿಯದ ಮನುಷ್ಯ. ನೀಲಿ ಮುಚ್ಚಳ ಅವರ ಎಡಗೈಯಲ್ಲಿದೆ. ಮುಂದೆ ಬಕೆಟ್ಟು. ಬಟ್ಟೆಯಲ್ಲಿ ಏನನ್ನೋ ಸೋಸಿ, ಲಾಳಿಕೆಯಿಂದ ನಿಧಾನಕ್ಕೆ ಹೊಯ್ಯುತ್ತಿದ್ದಾರೆ, ಕರುವಿಗೆ ಔಷಧಿ ಕುಡಿಸುವ ಹಾಗೆ. ಬೇವಿನೆಣ್ಣೆಯ ವಾಸನೆ ಬಂತು.

"ಮಾವ, ಏನ್ ಹಾಕ್ತಿದೀರಿ?" ಎಂದೆ.

"ಯೂರಿಯಾ" ಅಂದರು.

ಬಕೆಟ್ಟಿನೊಳಗೆ ಬಗ್ಗಿ ನೋಡಿದೆ. ಅವರೇ ಹೇಳಿದರು. "ಅವತ್ತು ಫೋನ್ ಬಂದಿತ್ತಲ್ಲ. ಲೈಟ್ ಹತ್ತೈತೆ ಅಂದ್ರೆ ಯೂರಿಯಾ ಕಮ್ಮಿ ಆಗಿರ್ಬೇಕು, ಹಾಕಿ ಅಂದ್ರು. ಎಲ್ಲಿಗೆ ಅಂದೆ. ನೀಲಿ ಮುಚ್ಳ ಅಂದ್ರು. ಆಟೋಕ್ಕೆ ಇದೇನೂ ಇದ್ದಿಲ್ಲ. ಹೊಸ ಗಾಡಿ, ತಿನ್ನೋದೂ ಹೊಸಾದು ಅಂದ್ಕಂಡೆ. ನೋಡ್ಕಂತೀನಿ ಅಂದಿದ್ನಲ್ಲ ನಿಂಗೆ."

ನೋಡಿಕೊಂಡಿದ್ದಾರೆ, ಅರುಣಾ. ಅವತ್ತಿನಿಂದ ನಾನು ಹೊರಗೆ ಹೋಗಿ ಬಂದಾಗಲೆಲ್ಲ ಇಳಿದಷ್ಟನ್ನು ತುಂಬಿಸಿ ಇಟ್ಟಿದ್ದಾರೆ. ಸಸಿಗೆ ಸಿಂಪಡಿಸಲು ನೀರಿಗೆ ಕಲಸುತ್ತಾರಲ್ಲ, ಅದೇ ಚೀಲದ, ಬೇವಿನೆಣ್ಣೆ ಲೇಪಿಸಿದ ಯೂರಿಯಾ, ಅದೇ ಕೊಳವೆಬಾವಿಯ ನೀರು. ಮುಳ್ಳು ಇಳಿಯುವುದಿಲ್ಲ ಎಂದು ಶೋರೂಮಿನಲ್ಲಿ ದೂರು ಬರೆಸಿದೆನಲ್ಲ. ಮುಳ್ಳಿಗೆ ಏನೂ ಆಗಿಲ್ಲ. ಅದು ಇಳಿಯಲು ಮಾವ ಬಿಟ್ಟಿಲ್ಲ.

ಸೋಸುತ್ತಿದ್ದ ಬಟ್ಟೆ ನಿಮ್ಮಣ್ಣನ ಪಂಚೆ. ಎರಡು ಮಡಿಕೆ ಮಾಡಿ ಹಿಡಿದಿದ್ದರು. ನಾನು ಅದನ್ನು ನೋಡುವುದನ್ನು ನೋಡಿ, "ಬೇವಿನೆಣ್ಣಿ ಜಿಡ್ಡು ಒಳಗೆ ಹೋಗ್ಬಾರ್ದು ಅಂತ. ಅವನ ಗಾಡಿ. ಅವನ ಬಟ್ಟೇಲೇ ಸೋಸಿದ್ರೆ ಒಳ್ಳೇದು ಅನ್ನಿಸ್ತು" ಅಂದರು.

ನಾನು ನಕ್ಕುಬಿಟ್ಟೆ. ಕಲ್ಲಿನ ಮೇಲೆ ಕೂತು ನಕ್ಕೆ, ಅದು ಎಲ್ಲಿ ಅಳುವಾಯಿತೋ ಗೊತ್ತಾಗಲಿಲ್ಲ. ಆಮೇಲೆ ಕ್ಯಾನಿನ ನೀರಿಗೂ ಡ್ರೈವರುಗಳು ಯೂರಿಯಾ ಎಂದೇ ಕರೆಯುತ್ತಾರೆ, ಅದು ಬೇರೆ, ಗೊಬ್ಬರ ಬೇರೆ ಎಂದು ಹೇಳಿದೆ. ಕೇಳಿ ಮುಚ್ಚಳ ಹಾಕಿ, ಬಕೆಟ್ಟು ತೊಳೆದಿಟ್ಟು, ಒಳಗೆ ಹೋಗಿ ಮಲಗಿದರು. ಊಟಕ್ಕೆ ಏಳಲಿಲ್ಲ.

ಇದನ್ನು ಮುಚ್ಚಿಡಬಹುದು. ಟ್ಯಾಂಕ್ ಬಗ್ಗಿಸಿ ತೊಳೆದರೆ ಇಂಜಿನಿಯರಿಗೆ ಗೊತ್ತಾಗುತ್ತದೋ ಇಲ್ಲವೋ. ಹೇಳಿದರೆ ಗ್ಯಾರಂಟಿ ಇಲ್ಲ, ಎಲ್ಲ ನಿಮ್ಮದೇ ತಪ್ಪು, ಹೋಗಿ ಎನ್ನುತ್ತಾರೆ. ಗಾಡಿ ಅಲ್ಲಿಗೆ ಮುಗಿಯಿತು, ನಿನಗೆ ಕೊಟ್ಟ ಮಾತಿನಂತೆ ಜಗಳೂರಿಗೆ.

ದಿನವಿಡೀ ಸಸಿಗಳ ನಡುವೆ ಓಡಾಡುತ್ತಾ ಒಂದನ್ನೇ ಯೋಚಿಸಿದೆ. ಫೋನ್ ಬಂದಿದ್ದಕ್ಕೆ ಮಾವ ಯೂರಿಯಾ ಹಾಕಿದರು. ಲೈಟ್ ಹತ್ತಿದ್ದಕ್ಕೆ ಫೋನ್ ಬಂತು. ಹಾಗಾದರೆ ಆ ಮೊದಲ ಲೈಟ್ ಯಾಕೆ ಹತ್ತಿತು? ಅವತ್ತು ಟ್ಯಾಂಕಿನಲ್ಲಿ ಇದ್ದದ್ದು ಶೋರೂಮಿನವರೇ ತುಂಬಿದ ನೀರು.

ಹೇಳುತ್ತೇನೆ. ಎರಡನ್ನೂ ಹೇಳುತ್ತೇನೆ.

ಲಕ್ಷ್ಮೀದೇವಿ


ಬಿಳಿಚೋಡು
ತಾ. 5-9-2025

ಅತ್ತಿಗೆ,

ಹೇಳಬೇಡ. ಗಾಡಿ ಇರಲಿ, ಹೋಗಲಿ, ನನಗೆ ಈಗ ಅದು ಮುಖ್ಯವಲ್ಲ. ನಾಲ್ಕು ಜನರ ಮುಂದೆ ಅಪ್ಪನನ್ನು ನಗೆಪಾಟಲು ಮಾಡಬೇಡ. ನಮ್ಮಪ್ಪ ಸಣ್ಣಪ್ಪ ಗಾಡಿಗೆ ಗೊಬ್ಬರ ಹಾಕಿದ ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಮಗ ಹೋದ ವರ್ಷವೇ ಇದೂ ಆಗಬೇಕಾ?

ಅಪ್ಪ ಊಟ ಮಾಡಿದರಾ?

ಪಂಚೆ ಯಾವುದು? ಹಸಿರು ಅಂಚಿನದಾ?

ಅರುಣಾ


ಕತ್ತಲಗೆರೆ
ತಾ. 18-9-2025

ಅರುಣಾ,

ಹಸಿರು ಅಂಚಿನದೇ. ನಿನ್ನ ಮದುವೆಗೆ ಉಟ್ಟಿದ್ದು.

ನಿನ್ನ ಕಾಗದವನ್ನು ಮಾವನಿಗೆ ಓದಿ ಹೇಳಿದೆ. ಎಲ್ಲ ಕೇಳಿದರು. ಎದ್ದು ಊಟಕ್ಕೆ ಕೂತರು. ಶೋರೂಮಿಗೆ ಹೋಗುವ ದಿನ ಬೆಳಗ್ಗೆ ನೋಡಿದರೆ ಸ್ನಾನ ಮಾಡಿ, ಬಿಳಿ ಅಂಗಿ ಹಾಕಿಕೊಂಡು ಗಾಡಿಯ ಹತ್ತಿರ ನಿಂತಿದ್ದಾರೆ. ಹಿಂದೆ ಹತ್ತಲು ಹೋದರು. ಮುಂದೆ ಕೂರಿ ಎಂದೆ. "ಅದು ಅವನ ಜಾಗ" ಅಂದರು. "ಅವರ ಜಾಗ ಸ್ಟೇರಿಂಗ್ ಹತ್ರ ಮಾವ. ಅಲ್ಲಿ ನಾನ್ ಕುಂತೀನಿ. ಇದು ಖಾಲಿ ಐತೆ" ಅಂದೆ. ಹತ್ತಿ ಕೂತರು. ದಾವಣಗೆರೆಯವರೆಗೆ ಎರಡೂ ಲೈಟು ಉರಿಯುತ್ತಲೇ ಇದ್ದವು, ಗಾಡಿ ತೆವಳುತ್ತಲೇ ಇತ್ತು, ಮಾವ ಆ ಲೈಟನ್ನೇ ನೋಡುತ್ತಾ ಬಂದರು.

ಸತೀಶ್ ಕುಮಾರ್ ಅವರ ಜೊತೆಗೆ ಕಂಪನಿಯ ಇಂಜಿನಿಯರ್ ಇದ್ದರು. ನಾನು ಬಾಯಿ ತೆರೆಯುವ ಮೊದಲೇ ಮಾವ ಮುಂದೆ ಹೋಗಿ ನಿಂತರು.

"ನಾನೇ ಹಾಕಿದ್ದು ಸ್ವಾಮಿ, ಗೊಬ್ಬರದ ಯೂರಿಯಾ. ನಿಮ್ಮೋರು ಫೋನ್‌ನಾಗೆ ಯೂರಿಯಾ ಹಾಕಿ ಅಂದ್ರು, ಹಾಕ್ದೆ. ಗೊಬ್ಬರದ್ದು ಅಂತ ಅವ್ರು ಹೇಳ್ಲಿಲ್ಲ, ಗೊಬ್ಬರದ್ದಲ್ಲ ಅಂತಾನೂ ಹೇಳ್ಲಿಲ್ಲ."

ಹಿಂದೆ ಸ್ಪ್ಯಾನರ್ ಹಿಡಿದು ನಿಂತಿದ್ದವರು ನಕ್ಕರು. ಕಾಯುತ್ತಾ ಕೂತಿದ್ದವರೂ ನಕ್ಕರು. "ಯಜಮಾನ್ರೇ, ಇಳುವರಿ ಹೆಂಗ್ ಬಂತು?" ಎಂದು ಒಬ್ಬ ಕೇಳಿಯೂ ಕೇಳಿದ. ಮಾವ ಅವನ ಕಡೆ ತಿರುಗಿ, "ಬೆಳೆ ಇನ್ನೂ ನಿಂತೈತೆ, ಕೊಯ್ದಿಲ್ಲ" ಅಂದರು. ಆಗ ಆ ಹುಡುಗನೇ ಕುರ್ಚಿ ತಂದು ಹಾಕಿದ. ನೀನು ಹೆದರಿದಂತೆ ಆಗಲಿಲ್ಲ, ಅರುಣಾ. ನಮ್ಮಪ್ಪ ಎಂದು ನೀನು ಅಂಜಿದೆ. ಅವರು ಅಂಜಲಿಲ್ಲ.

ಇಂಜಿನಿಯರ್ ಕೈಯಲ್ಲಿದ್ದ ಹಾಳೆ ಮಡಚಿಟ್ಟರು. ಹಾಗಿದ್ದರೆ ಗ್ಯಾರಂಟಿ ಬರುವುದಿಲ್ಲ, ತಪ್ಪು ನಿಮ್ಮದು ಎಂದರು. ನಾನು ಇದೇ ಮಾತಿಗೆ ಕಾಯುತ್ತಿದ್ದೆ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಹೇಳಿಕೊಂಡು ಬಂದಿದ್ದನ್ನು ಹೇಳಿದೆ. "ಟ್ಯಾಂಕ್ ತೊಳೆಯೋದು, ಅದರಿಂದ ಏನ್ ಕೆಟ್ಟೈತೋ ಅದು, ನಮ್ಮ ತಪ್ಪು. ನಾವು ಮಾಡಿಸ್ಕಂತೀವಿ. ಆದ್ರೆ ಲೈಟ್ ಹತ್ತಿದ್ದು ಮೊದ್ಲು, ಯೂರಿಯಾ ಹಾಕಿದ್ದು ಆಮೇಲೆ. ಆ ಮೊದ್ಲನೇ ಲೈಟ್ ಯಾಕ್ ಹತ್ತಿತ್ತು ಅಂತ ನೀವು ಒಂದ್ ಸಲಾನೂ ಗಾಡಿ ಕೆಳಗೆ ಬಗ್ಗಿ ನೋಡಿಲ್ಲ. ಅದು ನಿಮ್ಮ ತಪ್ಪು. ನೋಡೋ ತನಕ ನಾನು ಇಲ್ಲೇ ಕುಂತಿರ್ತೀನಿ."

ಅವರು ಏನೇನೋ ಹೇಳಿದರು. ನಾನು ಮತ್ತೆ ಅದನ್ನೇ ಹೇಳಿದೆ. ಬೇರೆ ಮಾತು ನನ್ನ ಹತ್ತಿರ ಇರಲಿಲ್ಲ. ಕೊನೆಗೆ ಸತೀಶ್ ಕುಮಾರ್, "ಲೈಟ್ ಬಗ್ಗೆ ಫಸ್ಟ್ ಫೋನ್ ಮಾಡಿದ್ದು ಇವರೇ ಸರ್. ಯೂರಿಯಾ ಹಾಕಿ ಅಂದವನು ನಾನೇ ಇರಬೇಕು" ಎಂದು ಗಾಡಿಯನ್ನು ಮೇಲೆತ್ತಿಸಿದರು. ತಾವೇ ಟಾರ್ಚ್ ಹಿಡಿದು ಕೆಳಗೆ ಹೋದರು. ಬಹಳ ಹೊತ್ತಿನ ಮೇಲೆ, "ಸರ್, ಇಲ್ಲಿ ನೋಡಿ" ಎಂದರು.

ಹೊಗೆ ಮೂಸುವ ಸೆನ್ಸರಿನಿಂದ ಬರುವ ವಯರನ್ನು ಫ್ಯಾಕ್ಟರಿಯಲ್ಲಿ ಸರಿಯಾಗಿ ಕ್ಲಿಪ್ಪಿಗೆ ಸಿಕ್ಕಿಸಿರಲಿಲ್ಲ. ಅದು ಕಬ್ಬಿಣದ ಪಟ್ಟಿಗೆ ಉಜ್ಜಿ ಉಜ್ಜಿ ಮೇಲಿನ ರಬ್ಬರ್ ಹೋಗಿ ತಾಮ್ರ ಕಾಣುತ್ತಿತ್ತು. ನನ್ನನ್ನೂ ಕರೆದು ತೋರಿಸಿದರು. ಒಂದು ಉಗುರಿನಷ್ಟು ಜಾಗ. ಅದನ್ನೇ ನಾವು ಅಪಶಕುನ ಎಂದುಕೊಂಡಿದ್ದೆವು.

ವಯರು, ಸೆನ್ಸರು ಅವರ ಲೆಕ್ಕಕ್ಕೆ ಹೋಯಿತು. ಟ್ಯಾಂಕಿನದು ನಮ್ಮ ಲೆಕ್ಕಕ್ಕೆ. ಮೂರು ದಿನ ಇಟ್ಟುಕೊಂಡು ಕೊಟ್ಟರು. ನಿನ್ನೆ ತುಂಬಿದ ಹೊರೆಯಲ್ಲಿ ಹೊನ್ನಾಳಿ ದಾಟಿ ನ್ಯಾಮತಿಗೆ ಹೋಗಿ ಬಂದೆ. ಲೈಟ್ ಇಲ್ಲ. ಸೇತುವೆಯ ಮೇಲೆ ಒಂದು ಟ್ರ್ಯಾಕ್ಟರನ್ನು ಹಿಂದೆ ಹಾಕಿದೆ. ಅದೇ ಟ್ರ್ಯಾಕ್ಟರ್ ಆಗಿರಲಿ ಎಂದು ಆಸೆಪಟ್ಟೆ, ಆಗಿರಲಿಲ್ಲ. ನೀಲಿ ಮುಳ್ಳು ಮೊದಲ ಸಲ ಒಂದಿಷ್ಟು ಇಳಿದಿದೆ. ಮಾವ ದಿನವೂ ಬಂದು ಅದನ್ನು ನೋಡಿ ಹೋಗುತ್ತಾರೆ. ಕ್ಯಾನಿಗೆ ಬೀಗ ಹಾಕಿಲ್ಲ.

ಈಗ ಉಳಿದಿರುವುದು ನಿನಗೆ ಕೊಟ್ಟ ಮಾತು. ಆಯುಧಪೂಜೆ ಒಂದನೇ ತಾರೀಖು. ನಮ್ಮ ಮನೆಗೆ ಈ ವರ್ಷ ಪೂಜೆ ಇಲ್ಲ. ಆದರೆ ನೀನು ಮದುವೆಯಾಗಿ ಬೇರೆ ಮನೆ ಸೇರಿದವಳು, ನಿನಗೆ ಈ ಸೂತಕ ಇಲ್ಲ, ನಿನಗೆ ಹಬ್ಬ ಇದೆ. ಗಾಡಿಗೆ ಪೂಜೆಯಾಗಬೇಕಾದರೆ ಅದು ನಿನ್ನ ಕೈಯಿಂದ ಮಾತ್ರ ಆಗಬೇಕು, ನಿನ್ನ ಬಾಗಿಲಲ್ಲಿ. ನಿಮ್ಮಣ್ಣ ಹೇಳಿದ್ದೂ ಅದನ್ನೇ ತಾನೇ. ಈರುಳ್ಳಿ ಸಸಿ ತುಂಬಿಕೊಂಡು ಅವತ್ತು ಬೆಳಗ್ಗೆ ಹೊರಡುತ್ತೇನೆ. ಮಾವ ಮುಂದೆ ಕೂತಿರುತ್ತಾರೆ. ಈ ಸಲ ಸದ್ದು ಕೇಳಿದರೆ ಹೊರಗೆ ಬಾ.

ದಾರಿ ನೋಡುತ್ತಾ,
ಲಕ್ಷ್ಮೀದೇವಿ


ಬಿಳಿಚೋಡು
ತಾ. 24-9-2025

ಅತ್ತಿಗೆ,

ಜಗಳೂರಿನವರಿಗೆ ಗಾಡಿ ಕೊಡುವುದಿಲ್ಲ ಎಂದು ಇವತ್ತು ಬೆಳಗ್ಗೆಯೇ ಹೇಳಿಬಿಟ್ಟೆ. ಲೈಟ್ ಹತ್ತುತ್ತದೋ ಇಲ್ಲವೋ ನೋಡಿ ಆಮೇಲೆ ಹೇಳೋಣ ಎಂದು ನಮ್ಮವರು ಅಂದರು. ಹತ್ತಿದರೂ ಕೊಡುವುದಿಲ್ಲ ಎಂದೆ. ದಾರಿಯಲ್ಲಿ ಹತ್ತಿದರೆ ಹತ್ತಲಿ. ನೀನು ಎತ್ತಿನ ಗಾಡಿಯ ಹಾಗೆ ಬಂದರೂ ಕಾಯುತ್ತೇನೆ.

ಈರುಳ್ಳಿ ಸಸಿಗೆ ಜಾಗ ಹದ ಮಾಡಿದ್ದೇವೆ. ಅಪ್ಪನಿಗೆ ರಾಗಿಮುದ್ದೆ, ಅವರೆಕಾಳು ಸಾರು. ನಿನಗೆ ಏನು ಬೇಕೋ ಬರೆಯಲಿಲ್ಲ. ನಾನೇ ಏನಾದರೂ ಮಾಡುತ್ತೇನೆ, ಸುಮ್ಮನೆ ತಿನ್ನಬೇಕು. ನೀನು ಬಾಡಿದ್ದೀಯ ಎಂದು ನ್ಯಾಮತಿಯ ಯಜಮಾನರು ಹೇಳಿದ್ದನ್ನು ಮರೆತಿಲ್ಲ.

ಬರುವಾಗ ಆ ಹಸಿರು ಅಂಚಿನ ಪಂಚೆ ತೆಗೆದುಕೊಂಡು ಬಾ. ತೊಳೆಯಬೇಡ, ಹಾಗೆಯೇ ತಾ. ಗಾಡಿ ಒರೆಸಲು ಬೇಕು.

ಅಣ್ಣ ಹೇಳಿದಾಗ ತೆಗೆದಿಟ್ಟಿದ್ದ ನಾಲ್ಕು ನಿಂಬೆಹಣ್ಣು ಇನ್ನೂ ದೇವರ ಗೂಡಿನಲ್ಲೇ ಇವೆ. ಎಸೆಯಲು ಆಗಲಿಲ್ಲ. ಒಣಗಿ, ಕಪ್ಪಾಗಿ, ಕಲ್ಲಿನ ಹಾಗಾಗಿವೆ. ಸಂತೆಯಿಂದ ಹೊಸದು ತರುತ್ತೇನೆ ಎಂದು ನಮ್ಮವರು ಹೊರಟಿದ್ದರು, ಬೇಡ ಎಂದೆ. ಚಕ್ರಕ್ಕೆ ಅವನ್ನೇ ಇಡುತ್ತೇನೆ. ರಸ ಬರುವುದಿಲ್ಲ, ಸದ್ದು ಬರುತ್ತದೆ. ಆ ಸದ್ದಿಗೆ ಹೆದರಿ ನಿಲ್ಲಿಸಬೇಡ. ನೀನು ಗಾಡಿ ಮುಂದಕ್ಕೆ ಬಿಡು.

ನಿನ್ನ ಜಡೆ ಎಳೆದವಳು,
ಅರುಣಾ